ಶೇಕಡಾ ಹದಿನೆಂಟು

ಲಿಲೋ ಸಂತೆಯಲ್ಲಿ ಕೊಂಡ ಗೇಮ್‌ಪ್ಯಾಡು.
ಹದಿನೈದು ಲಾರಿ. ತ್ಬಿಲಿಸಿಯಲ್ಲಿ ಲಾರಿ ಎಂದರೆ ದುಡ್ಡು,
ಓಡಿಸಲಾಗದು, ತಾನೇ ಓಡಿಹೋಗುತ್ತದೆ.
ಡಬ್ಬಿಯ ಮೇಲೆ ಹೆಸರಿಲ್ಲ, ಊರಿಲ್ಲ,
ಒಂದು ಹುಲಿ, ಅದಕ್ಕೂ ಮೀಸೆ ಒಂದೇ ಕಡೆ.

ಗ್ಲ್ದಾನಿಯ ಒಂಬತ್ತನೇ ಮಹಡಿಗೆ
ಲಿಫ್ಟಿನ ಹುಂಡಿಗೆ ನಾಣ್ಯ ಹಾಕಿ ಏರಿದೆ.
ಒತಾರ್ ಬಾಗಿಲಲ್ಲೇ ನಿಂತಿದ್ದರು,
ಇಪ್ಪತ್ತಾರು ವರ್ಷ ಟ್ರಾಲಿಬಸ್ಸು ನಡೆಸಿದವರು.
ತಂತಿ ಕಿತ್ತರು, ಬಸ್ಸು ಗುಜರಿಗೆ ಹೋಯಿತು,
ಇಂಜಿನ್ನಿನ ನಡುಕ ಮಾತ್ರ ಕೈಯಲ್ಲೇ ಉಳಿಯಿತು:
ಚಹಾ ಹಿಡಿದರೆ
ಸಾಸರಿನಲ್ಲಿ ಗಿಲಿಗಿಲಿ.

ಬಸ್ಸಿನ ಆಟ ತೆರೆದು ಪ್ಯಾಡು ಚುಚ್ಚಿದೆ.
ಆಟ ಕಣ್ಣೆತ್ತಿಯೂ ನೋಡಲಿಲ್ಲ.
ಅದಕ್ಕೆ ಗೊತ್ತಿರುವುದು ಒಂದೇ ಮನೆತನ,
ಉಳಿದವರೆಲ್ಲ ಹೊಸ್ತಿಲಾಚೆ.
ಅದಕ್ಕೇ ಈ ಪುಟ್ಟ ತಂತ್ರಾಂಶ, ನಡುವೆ ನಿಲ್ಲುವ ದುಭಾಷಿ.
ಈ ಕಡೆ ಅನಾಮಧೇಯನ ತೊದಲು ಕೇಳಿಸಿಕೊಂಡು
ಆ ಕಡೆ ದೊಡ್ಡಮನೆಯ ದನಿಯಲ್ಲಿ ಹೇಳುತ್ತದೆ:
'ನಮ್ಮ ಹುಡುಗನೇ, ಒಳಗೆ ಬಿಡಿ.'
ಬಿಟ್ಟಿತು.

ಬಿಟ್ಟ ಮೇಲೆ ಬೇರೆ ಪಾಡು.
ಮೇಲೆ ಒತ್ತಿದರೆ ಕೆಳಗೆ, ಬ್ರೇಕಿಗೆ ಹಾರ್ನು,
ಬಾಗಿಲ ಗುಂಡಿಗೆ ವೈಪರು.
ಮೂರನ್ನು ಒಂದಕ್ಕೆ, ಒಂದನ್ನು ಏಳಕ್ಕೆ,
ಮದುವೆ ದಲ್ಲಾಳಿಯ ಹಾಗೆ
ಸಂಬಂಧ ಕುದುರಿಸುತ್ತ ಕುಳಿತೆ. ಎರಡು ಚಹಾ ಆರಿತು.

ಕೊನೆಗೆ ಹೊರಟಿತು. ನೇರ ರಸ್ತೆ, ಖಾಲಿ.
ಹೆಬ್ಬೆರಳು ನಡುಗಿತು,
ಬಸ್ಸು ಕುಡಿದವನಂತೆ ತೂರಾಡಿ ಕಂಬಕ್ಕೆ ಒರಗಿತು.
ಇಪ್ಪತ್ತಾರು ವರ್ಷದಲ್ಲಿ ಒಂದು ಕನ್ನಡಿಯೂ ಒಡೆಯದವರು
ಪ್ಯಾಡನ್ನು ಮೆಲ್ಲಗೆ ಸೋಫಾದ ಮೇಲಿಟ್ಟು
'ವೈರು ಸಡಿಲ' ಅಂದರು.
ನಾನೂ ಹೌದೆಂದೆ.

ತಂತ್ರಾಂಶದ ಮೂಲೆಯಲ್ಲೊಂದು ಜಾರುಗುಂಡಿ, ಡೆಡ್ ಝೋನ್:
ಕಡ್ಡಿಯ ಬುಡದ ಸುತ್ತ ಒಂದು ಕಿವುಡು ವೃತ್ತ.
ಅದರೊಳಗಿನ ಮಿಸುಕಾಟ ಆಟದ ಕಿವಿಗೆ ಬೀಳದು.
ಐದು. ಹತ್ತು. ಹದಿನೈದು.
ಅವರು ಕಿಟಕಿಯಾಚೆ ನೋಡುತ್ತಿದ್ದರು.
ಹದಿನೆಂಟಕ್ಕೆ ಬಸ್ಸು ನೆಟ್ಟಗಾಯಿತು.

'ವೈರು ಸರಿಮಾಡಿದೆ' ಅಂದೆ.

ಮೊದಲ ನಿಲ್ದಾಣದಲ್ಲಿ ನಿಲ್ಲಿಸಿ, ಬಾಗಿಲು ತೆರೆದು,
ಪರದೆಯ ಮುದುಕಿ ಚೀಲದ ಸಮೇತ ಹತ್ತಿ
ಕೂರುವವರೆಗೆ ಕಾದರು.
ಆಟದಲ್ಲಿ ಅದಕ್ಕೆ ಅಂಕವಿಲ್ಲ,
ತಡವಾದದ್ದಕ್ಕೆ ಐದು ಕಡಿತ.

ಅಡಿಗೆಮನೆಯಿಂದ ಲಮಾರಾ ಕೂಗಿ ಕೇಳಿದಳು,
'ಎಲ್ಲಿಗೆ ಹೊರಟಿರಿ?'

'ಡಿಪೋಗಂತೂ ಅಲ್ಲ' ಅಂದರು.