ಕೆಳಹಲಗೆ

ಟ್ಬಿಲಿಸಿ. ಐದನೇ ಮಹಡಿ. ಲಿಫ್ಟು ಕೆಟ್ಟು ವರ್ಷವಾಯಿತು.
ಏದುಸಿರಲ್ಲೇ ಅವತಂದಿಲ್ ಪಿಯಾನೋದ ಎದೆ ಬಿಚ್ಚುತ್ತಾನೆ,
ನಾನು ಟಾರ್ಚು ಹಿಡಿಯುವವನು.

"ನೋಡು, ಬೆರಳು ತಂತಿಯನ್ನು ಮುಟ್ಟುವುದೇ ಇಲ್ಲ.
ಮನೆ ಒತ್ತಿದರೆ ಸನ್ನೆ ಏಳುತ್ತೆ,
ಸನ್ನೆ ಸುತ್ತಿಗೆಯನ್ನು ನೂಕುತ್ತೆ,
ಇನ್ನೇನು ತಗುಲಬೇಕು,
ಕೈಬಿಡುತ್ತೆ.
ಆ ಕೊನೆಯ ಕೂದಲೆಳೆ ದೂರ ಸುತ್ತಿಗೆ ಒಂಟಿ.
ಬಿಡದಿದ್ದರೆ ನಾದವಿಲ್ಲ, ಬರೀ ಟಕ್.

ಗ್ರ್ಯಾಂಡ್ ಪಿಯಾನೋ ಸಿರಿವಂತರ ಹಾಗೆ ಮಲಗಿರುತ್ತೆ,
ಅದರ ಸುತ್ತಿಗೆ ತನ್ನ ಭಾರಕ್ಕೆ ತಾನೇ ಬೀಳುತ್ತೆ.
ಇದು ನಿಂತೇ ದುಡಿಯುವ ಜಾತಿ;
ಹಿಂದಕ್ಕೆಳೆಯಲು ಒಂದೊಂದಕ್ಕೂ ಲಾಡಿ ಬೇಕು."

ಎಂಬತ್ತೈದು ಲಾಡಿ. ಮೂವತ್ತನ್ನು ನುಸಿ ತಿಂದಿದೆ.

ಬೆಳಕು ಕೆಳಗಿಳಿಸಿದೆ: ಪೆಡಲಿನ ಕಡ್ಡಿಗಳು ಬತ್ತಲೆ.
"ಕೆಳಹಲಗೆ ಎಲ್ಲಿ, ಜುಜುನಾ ಅಮ್ಮ?"
ಚಹಾ ಬಗ್ಗಿಸುತ್ತಲೇ ಅಂದಳು:
"ಕರೆಂಟಿಲ್ಲದ ಆ ಚಳಿಗಾಲ.
ಮೊದಲು ಕುರ್ಚಿ, ಆಮೇಲೆ ಕಪಾಟು.
ಒಂದು ರಾತ್ರಿ ಮಗುವಿಗೆ ಹಾಲು ಕಾಯಿಸಬೇಕಿತ್ತು.
ಮನೆಯೆಲ್ಲ ವಾರ್ನಿಶಿನ ವಾಸನೆ.
ಬೆಳಗ್ಗೆ ಬಾರಿಸಿದರೆ
ನಾದ ಜಾಸ್ತಿಯೇ ಬಂತು, ಕಳ್ಳಂದು!"

ಅವತಂದಿಲ್ ನಗಲಿಲ್ಲ. ಟೇಪು ಹಿಡಿದು
ಇಲ್ಲದ ಹಲಗೆಯ ಉದ್ದಗಲ ಬರೆದುಕೊಂಡ.
"ಅದು ಬೇಡ," ಅಂದಳು, "ಗಾಳಿಯಾಡಲಿ.
ಎಡಗಡೆಯ ಆ ಕರಿ ಮನೆ ಒಂದು ಮೇಲೇಳುವುದಿಲ್ಲ, ನೋಡು."

ನಾನು ಲಾಡಿ ಕಟ್ಟುತ್ತ ಕೂತೆ.