ಹನ್ನೊಂದನೆಯ ಕಲಮು

ಕರಾರು ಇಪ್ಪತ್ತೆಂಟು ಪುಟ.
ನೀರು, ರಸ್ತೆ, ಚರಂಡಿ, ಬೆಂಕಿ ಆರಿಸುವ ಟ್ಯಾಂಕಿ,
ಎಲ್ಲಕ್ಕೂ ಅಳತೆಯುಂಟು, ಅಡಿಯಲ್ಲಿ, ಗ್ಯಾಲನ್ನಿನಲ್ಲಿ.
ಹನ್ನೊಂದನೆಯ ಕಲಮಿಗೆ ಬಂದಾಗ ಮಾತ್ರ
ನನ್ನ ಪೆನ್ನು ಕಿಟಕಿಯ ಕಡೆ ತಿರುಗುತ್ತದೆ:
'ಕೊಲಂಬಿಯಾ ನದಿಯ ಆಚೆ ದಡದಿಂದ ನೋಡಿದವರಿಗೆ
ಯಾವ ಮನೆಯ ಸೂರೂ
ಬೆಟ್ಟದ ಏಣಿನ ಗೆರೆಯನ್ನು ಮುರಿಯತಕ್ಕದ್ದಲ್ಲ.'

ನೋಡಿದವರು ಅಂದರೆ ಯಾರು, ಕೇಳಿದರು ವಕೀಲರು.
ಯಾವ ಹೊತ್ತಿನಲ್ಲಿ? ಕನ್ನಡಕ ಹಾಕಿಯೋ, ತೆಗೆದೋ?
ಮೂರು ಸಭೆಯ ಕಾಫಿ ಆರಿದ ಮೇಲೆ ಒಪ್ಪಿದೆವು:
'ಸಾಮಾನ್ಯ ದೃಷ್ಟಿಯುಳ್ಳ ಯಾವುದೇ ದಾರಿಹೋಕ.'

ದೂರದ ಬೆಟ್ಟ ನುಣ್ಣಗೆ ಎಂದು ನಗುವವರುಂಟು.
ನನಗೆ ಕೌಂಟಿ ಸಂಬಳ ಕೊಡುವುದೇ
ಅದನ್ನು ನುಣ್ಣಗಿಡುವುದಕ್ಕೆ.

ಏಣು ಆರ್ಲೋ ಟ್ವೇಟ್‌ನದು, ಕೆಳಗಿನ ಚೆರ್ರಿ ತೋಟವೂ.
ಎಪ್ಪತ್ತೊಂದರ ಮಂಡಿ ಇನ್ನು ಏಣಿ ಹತ್ತಲೊಲ್ಲದು.
ಮೇಲಿನದನ್ನು ಆರು ನಿವೇಶನ ಮಾಡಿ ಮಾರುತ್ತಾನಂತೆ.
"ಬೆಟ್ಟ ನನ್ನದು, ತೆರಿಗೆ ನನ್ನದು,
ನೋಟ ಮಾತ್ರ ಊರಿನದ್ದು ಹೇಗಾಯಿತಮ್ಮಾ?"
ಜಗಳಕ್ಕೆ ಕೇಳಿದ್ದಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ.
ಬಣ್ಣದ ಚೀಟಿಗಳ ಗೊಂಚಲು ಬಿಚ್ಚಿ ಮೇಜಿಗೆ ಹರಡಿದೆ:
ಕಲ್ಲುಹೂವು, ಒಣಹುಲ್ಲು, ಓಕ್ ತೊಗಟೆ, ಸುಟ್ಟ ಮಣ್ಣು.
ಹೊಳೆಯದ ಗಾಜು. ಮುಖ ತಗ್ಗಿಸಿದ ದೀಪ.
"ಅಂದರೆ ಮನೆ ಇದ್ದೂ ಇಲ್ಲದಂತಿರಬೇಕು," ಅಂದ ಆರ್ಲೋ.
"ನನ್ನ ಹೆಂಡತಿ ಹೀಗೇ ಸಕ್ಕರೆ ಡಬ್ಬಿ ಇಡುತ್ತಿದ್ದಳು."

ಸೇತುವೆಯ ಕೆಳಗೆ ಸಾಲ್ಮನ್ ಮಾರುವ ಡೆಲ್ಫೀನ್ ಜಿಮ್
ಐಸಿನ ಪೆಟ್ಟಿಗೆಯ ಮೇಲೆ ಕೂತು ನಕಲು ಓದಿದಳು,
ಅಂಚಿಗೊಂದು ಮೀನಿನ ಪೊರೆ ಅಂಟಿಸಿ ಹಿಂದೆ ಕೊಟ್ಟಳು.
"ಮೇಲ್ಗಡೆ ಒಂದು ಜಲಪಾತವಿತ್ತು.
ಅಣೆಕಟ್ಟಿನ ಬಾಗಿಲು ಹಾಕಿದಾಗ ನನ್ನಮ್ಮ ಒಂಬತ್ತರ ಹುಡುಗಿ.
ಬೆಳಗ್ಗೆ ಇತ್ತು, ಸಂಜೆಗೆ ಅದರ ಸದ್ದೂ ಇಲ್ಲ.
ಅದು ಎಷ್ಟನೆಯ ಕಲಮು?"
ನಾನು ಒಂದೂವರೆ ಪೌಂಡು ಮೀನು ಕೊಂಡೆ.
ಚಿಲ್ಲರೆ ಎಣಿಸುವಷ್ಟು ಹೊತ್ತು
ಇಬ್ಬರೂ ನೀರು ನೋಡಿದೆವು.

ಗುರುವಾರ ಏಣಿನ ಮೇಲೆ ಕೋಲು ನೆಟ್ಟೆವು,
ಬರಲಿರುವ ಮನೆಯ ಎತ್ತರಕ್ಕೆ, ತುದಿಗೆ ಕಿತ್ತಳೆ ಪಟ್ಟಿ ಕಟ್ಟಿ.
ಕಣಿವೆಯ ಗಾಳಿ ಪಟಪಟ ಜಗ್ಗಿತು.
ಇಲ್ಲದ ಗೋಡೆಗಳ ನಾಲ್ಕು ಮೂಲೆ ನಡುವೆ,
ಇಲ್ಲದ ಅಡುಗೆಮನೆಯ ಇಲ್ಲದ ಕಿಟಕಿಯಲ್ಲಿ ನಿಂತು
ಮೊದಲ ಸಲ ಇಲ್ಲಿಂದ ಅಲ್ಲಿಗೆ ನೋಡಿದೆ.

ಗೋಧಿ ಹೊತ್ತ ದೋಣಿ, ಕಪ್ಪು ಬಂಡೆಯ ಮೆಟ್ಟಿಲು,
ಗೂಡ್ಸ್ ರೈಲು, ಕಂದುಹುಲ್ಲಿನ ಇಳಿಜಾರು,
ಒಂದರೊಳಗೊಂದು ಕರಗಿದ್ದವು. ನಡುವೆ
ಕಟ್ಟಿಸಿದ ಹಲ್ಲಿನಂತೆ ಒಂದು ಬಿಳಿ ಗೋಡೆ,
ಬಿಸಿಲಿಗೆ ಕಣ್ಣು ಚುಚ್ಚುವ ತಗಡಿನ ಸೂರು.
"ಯಾರದ್ದಪ್ಪಾ ಅದು!" ಎಂದು
ದುರ್ಬೀನು ಎತ್ತಿದೆ.
ತಂತಿಯ ಮೇಲಿದ್ದ ಹಳದಿ ಹೊದಿಕೆ
ನಾನೇ ಬೆಳಗ್ಗೆ ಒಗೆದು ಹಾಕಿದ್ದು.

ಅಜ್ಜ ಕಟ್ಟಿದ್ದು. ಕಾನೂನಿಗಿಂತ ನಲವತ್ತು ವರ್ಷ ದೊಡ್ಡದು,
ಯಾವ ಕಲಮಿನ ಕೈಗೂ ಎಟುಕದ್ದು.
ಪರರ ಎಲೆಯ ನೊಣ ಹುಡುಕುತ್ತ ಬಂದವಳು
ದುರ್ಬೀನಿನ ಗಾಜು ಒರೆಸತೊಡಗಿದೆ, ಬೇಕಿಲ್ಲದಿದ್ದರೂ.

ಆರ್ಲೋ ನಗಲಿಲ್ಲ.
"ಐವತ್ತು ವರ್ಷದಿಂದ ನನ್ನ ಗಡಿಯಾರ ಅದು," ಅಂದ.
"ಆ ಹೊಳಪು ಆರಿದರೆ ಐದಾಯಿತು, ಕೆಲಸ ಬಿಡಬಹುದು ಅಂತ."
ಆಮೇಲೆ ತಾನಾಗಿಯೇ ಒಂದು ಕೋಲು ಹಿಡಿದು
ನಾಲ್ಕಡಿ ಕೆಳಗಿಳಿಸಿದ.

ಸಹಿ ಆಯಿತು. ಈಗ ಭಾನುವಾರ.
ನನ್ನ ಗೋಡೆಗೆ ಏಣಿ ಒರಗಿಸಿದ್ದೇನೆ.
ಓಕ್ ತೊಗಟೆಯ ಬಣ್ಣ ಎರಡು ಡಬ್ಬಿ ತಂದಿದ್ದೇನೆ,
ಮುಚ್ಚಳ ತೆಗೆದಿಲ್ಲ.
ತಗಡಿನ ಮೇಲಿನ ಬೆಳಕು ಅಂಚಿಗೆ ಸರಿಯಿತು, ಆರಿತು.
ಆಚೆ ಒಬ್ಬ ಕತ್ತರಿ ಮಡಚಿ
ಜೇಬಿಗೆ ಹಾಕಿಕೊಳ್ಳುತ್ತಿರಬೇಕು.