ಗಿಣಿಮೂತಿ

ಶ್ರೀನಿವಾಸಪುರದಲ್ಲಿ, ಪಂಪ್‌ಸೆಟ್ ರಿಪೇರಿ ಅಂಗಡಿಯ ಮಹಡಿಯಲ್ಲಿ
ಸುಗುಣಳ ಪಾರ್ಲರು. ಒಂದು ಕುರ್ಚಿ, ಒಂದೂವರೆ ಕನ್ನಡಿ.
ಅರ್ಧ ಒಡೆದದ್ದಲ್ಲ, ಅಷ್ಟಕ್ಕೇ ದುಡ್ಡಿತ್ತು ಅಂತಾಳೆ.
ಹನ್ನೊಂದು ಸೀಸನ್ನು ಮಂಡಿಯಲ್ಲಿ ಮಾವು ವಿಂಗಡಿಸಿದ ಕೈ ಅವಳದು;
ಗಲ್ಲ ಹಿಡಿದು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದಳು,
ತೊಟ್ಟಿನ ಬಳಿ ಸೊನೆ ಇದೆಯೋ ಎಂದು ನೋಡುವ ಹಾಗೆ.

"ಗಿಣಿಮೂತಿ" ಎಂದಳು.

ನಲವತ್ತೊಂದಾಯಿತು ನನಗೆ.
ಆ ಹೆಸರನ್ನು ನಾಲ್ಕನೇ ಕ್ಲಾಸಿನ ಕೊನೇ ಬೆಂಚಿನಲ್ಲೇ
ಬಿಟ್ಟು ಬಂದೆ ಎಂದುಕೊಂಡಿದ್ದೆ.
ಎದ್ದುಬಿಡೋಣ ಅನ್ನುವಷ್ಟರಲ್ಲಿ ಅವಳೇ ಅಂದಳು:
"ಬೇಜಾರ್ಯಾಕಕ್ಕ? ನಮ್ಮ ಮಂಡೀಲಿ ಜಾಸ್ತಿ ಲಾರಿ ಹತ್ತೋದು ಅದೇ.
ಬಾದಾಮಿಗೆ ಬಾದಾಮಿ ಪೆಟ್ಟಿಗೆ, ಇದಕ್ಕೆ ಇದರದೇ.
ತಪ್ಪಿಟ್ರೆ ದಾರೀಲೇ ನುಜ್ಜುಗುಜ್ಜು."

ಮೊಬೈಲಿನ ಚಿತ್ರ ತೋರಿಸಿದೆ: ನಡುಬೈತಲೆ,
ಎರಡೂ ಕಡೆ ಮಗ್ಗದಿಂದ ಇಳಿಸಿದಂಥ ನೆಟ್ಟನೆಯ ಕೂದಲು.
"ಇದು ಸೇಂದೂರದ ಮುಖ, ಗುಂಡಗಿದೆ, ಉದ್ದ ಬಿಟ್ರೆ ಒಪ್ಪುತ್ತೆ.
ನಿಮಗೆ ಬಿಟ್ರೆ ಗೋಡೆಗೆ ಏಣಿ ಒರಗಿಸಿದ ಹಾಗೆ."

ಆಮೇಲೆ ಕ್ಲಿಪ್ಪು ತೆಗೆದಳು. ಒಂದಲ್ಲ, ಹದಿನಾಲ್ಕು.
ಕಂಡಕ್ಟರ್ ಕೆಲಸ; ಕಿಟಕಿಯ ಗಾಳಿ, ಹೆಗಲಿನ ಬ್ಯಾಗು,
ಟಿಕೆಟ್ ಮಿಷನ್ನಿನ ಪಟ್ಟಿಗೆ ಸಿಕ್ಕಿಕೊಳ್ಳುವ ಎಳೆ.
ಬೆಳಗಿನ ಐದಕ್ಕೇ ಎಲ್ಲ ಬಿಗಿದು ಸೀಲು ಹಾಕುತ್ತಿದ್ದೆ.
ನನಗಿಂತ ಮೊದಲು ಅಮ್ಮ ಬಿಗಿದಳು,
ಮೊಣಕಾಲ ನಡುವೆ ನನ್ನನ್ನು ಸಿಕ್ಕಿಸಿಕೊಂಡು, ಹರಳೆಣ್ಣೆ ಸುರಿದು,
ಹುಬ್ಬು ಮೇಲೇರುವಷ್ಟು.

ಸುಗುಣ ಒಂದೆಳೆ ಬಿಡಿಸಿ, ನೆಟ್ಟಗೆ ಎಳೆದು, ಕೈಬಿಟ್ಟಳು.
ಅದು ಮತ್ತೆ ಒಳಕ್ಕೆ ಮಡಿಸಿಕೊಂಡಿತು,
ಬಲಿತ ರಾಗಿ ತೆನೆ ಮುಷ್ಟಿ ಕಟ್ಟುವಂತೆ.
"ತೆನೇನ ನೆಟ್ಟಗೆ ಮಾಡೋಕೆ ಹೋಗ್ತಾರಾ ಯಾರಾದ್ರೂ?"

ನೀರು ಚಿಮುಕಿಸಲಿಲ್ಲ. ಬಾಚಣಿಗೆ ಡ್ರಾಯರಿನಲ್ಲೇ ಉಳಿಯಿತು.
"ಗುಂಗುರು ಕೂದಲು ಒದ್ದೇಲಿ ಸುಳ್ಳು ಹೇಳುತ್ತೆ,
ಒಣಗಿದ ಮೇಲೆ ನಾಲ್ಕು ಬೆರಳು ಮೇಲಕ್ಕೆ ಹೋಗಿ ಕೂತ್ಕೊಳ್ಳುತ್ತೆ."
ಒಂದೊಂದು ಸುರುಳಿ ಹಿಡಿದು, ಅದು ತಿರುಗುವ ಕಡೆ ನೋಡಿ, ಒಂದು ಕಚ್ಚು.
ನೆತ್ತಿ ಮೇಲೆ ಎತ್ತರ ಬೇಡ, ಕಿವಿ ಪಕ್ಕ ಹರವಿರಲಿ;
ಹಣೆ ಮೇಲೆ ಒಂದಿಷ್ಟು ಸೂರಿನಂತೆ ಇಳಿಯಲಿ;
ಉದ್ದ ಹೆಗಲಿಗೇ ನಿಲ್ಲಲಿ,
ಅಲ್ಲಿಂದ ಕೆಳಗೆ ಹೋದರೆ ಗಲ್ಲವನ್ನೂ ಎಳೆದುಕೊಂಡು ಹೋಗುತ್ತೆ.
ನನಗೆ ಹೇಳುತ್ತಿದ್ದಳೋ, ಕತ್ತರಿಗೋ.

ಕೆಳಗಿನ ಅಂಗಡಿಯಲ್ಲಿ ಸುಟ್ಟ ಮೋಟಾರಿಗೆ
ತಾಮ್ರದ ತಂತಿ ಸುತ್ತುವ ಸದ್ದು.
ಕನ್ನಡಿಯಲ್ಲಿ ಗಿಣಿಮೂತಿ ಇದ್ದ ಹಾಗೇ ಇತ್ತು, ಗಲ್ಲ ಕೊಂಚ ಮುಂದೆ,
ಆದರೆ ಯಾರೋ ಅದರ ಸುತ್ತ ಎಲೆ ಇಟ್ಟಿದ್ದರು.
ಇನ್ನೂರು ರೂಪಾಯಿ. ಚಿಲ್ಲರೆ ಎಣಿಸಿ ಕೊಟ್ಟೆ, ಅಭ್ಯಾಸ.

ಮರುದಿನ ರಾಯಲ್ಪಾಡಿನ ಮೊದಲ ಟ್ರಿಪ್ಪು.
ಡ್ರೈವರ್ ಬೈರೆಡ್ಡಿ ಕನ್ನಡಿಯಲ್ಲಿ ಎರಡು ಸಲ ನೋಡಿ
"ಮೇಡಂ ರಜಾನಾ ಇವತ್ತು?" ಎಂದು ನನ್ನನ್ನೇ ಕೇಳಿದ.
ಸೊಪ್ಪಿನ ಮೂಟೆಯ ಮುದುಕಿ ಟಿಕೆಟ್ ಮಡಚುತ್ತ
"ಬಾಗುಂದಮ್ಮಾ" ಎಂದಳು.
ಹಿಡಿದುಕೊಂಡ ಸೀಟಿಗೋ, ನನ್ನ ತಲೆಗೋ, ತಿಳಿಯಲಿಲ್ಲ.
ತಲೆಗೇ ಎಂದುಕೊಂಡು ರೈಟ್ ಹೇಳಿದೆ.

ರಾತ್ರಿ ಅಮ್ಮ. "ಇನ್ನೂರಾ? ಒಂದು ಲೀಟರ್ ಕಡಲೆಕಾಯಿ ಎಣ್ಣೆ ಬರ್ತಿತ್ತು."
ಹಿಂದಿನಿಂದ ಬಂದು ಕೂದಲೊಳಗೆ ಬೆರಳು ಹಾಕಿದಳು.
ಸುರುಳಿಗೆ ಸಿಕ್ಕಿಕೊಂಡಿತು ಬೆರಳು.
ಬಿಡಿಸಿಕೊಳ್ಳಲು ಆತುರ ಮಾಡಲಿಲ್ಲ.
ಇನ್ನೊಂದು ಕೈ, ನಿಂಬೆಯಷ್ಟೇ ಉಳಿದ ತನ್ನ ತುರುಬನ್ನು
ಸುಮ್ಮನೆ ತಡವುತ್ತಿತ್ತು.

ಲೈಟ್ ಆರಿಸಿ ಎಷ್ಟೋ ಹೊತ್ತಾದ ಮೇಲೆ, ಚಾಪೆಯ ಕಡೆಯಿಂದ:
"ಮುಂದಿನ ಸಲ ಹೋದಾಗ ಕೇಳು ಅವಳನ್ನ.
ನಂದು ಯಾವ ಹಣ್ಣಂತೆ."